ಬೀಗ ಬಿದ್ದ ಬಾಗಿಲಿಗೆ ಒಂದು ಪೊರಕೆಕಡ್ಡಿ

ಬೀದಿದೀಪಗಳು ಇನ್ನೂ ಆರಿಲ್ಲ. ಬೇಕರಿಯ ಹಿಂಬಾಗಿಲಿನಿಂದ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿದೆ. ರಸ್ತೆಯ ತುದಿಯಿಂದ ಪೊರಕೆಯ ಸದ್ದು ಸರಕ್ ಸರಕ್ ಎಂದು ಹತ್ತಿರವಾಗುತ್ತಿದೆ. ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ, ಮೈಮೇಲೆ ಹೊಳೆಯುವ ಪಟ್ಟಿಯ ಕಿತ್ತಳೆ ಜಾಕೆಟ್ಟು, ಹಿಂದೆ ಒಂದು ಚಕ್ರ ಕಿರುಗುಟ್ಟುವ ತಳ್ಳುಗಾಡಿ. ಔಷಧಿ ಅಂಗಡಿ, ಕ್ಷೌರದಂಗಡಿ, ಶಾಲೆಯ ಗೇಟು ಎಲ್ಲವನ್ನೂ ದಾಟಿ ಬಂದ ಆ ಹೆಂಗಸು ಬೀಗ ಹಾಕಿದ ಒಂದು ಹಸಿರು ಗೇಟಿನ ಮುಂದೆ ನಿಂತು, ಸೊಂಟಕ್ಕೆ ಕೈ ಕೊಟ್ಟು ಬಗ್ಗುತ್ತಾರೆ. ಗೇಟಿನ ಸಂದಿಯಲ್ಲಿ ಮೊಣಕಾಲಿನ ಎತ್ತರಕ್ಕೆ ಒಂದು ಪೊರಕೆಕಡ್ಡಿ ಸಿಕ್ಕಿಕೊಂಡಿದೆ. ತಾವೇ ಸಿಕ್ಕಿಸಿದ್ದು. ಅದನ್ನು ಮುಟ್ಟದೆ ನೋಡಿ, "ಇನ್ನೂ ಯಾರೂ ಬಂದಿಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಮುಂದಕ್ಕೆ ನಡೆಯುತ್ತಾರೆ.

ಬೀದಿಯವರಿಗೆಲ್ಲ ಅವರು ಕಡ್ಡಿ ಅಕ್ಕ. ಪಾಲಿಕೆಯ ಪೌರಕಾರ್ಮಿಕರು. ಮದುವೆಯಾದ ವರ್ಷ ಕೈಗೆ ಬಂದ ಪೊರಕೆ ಇನ್ನೂ ಬಿಟ್ಟಿಲ್ಲ. ಮಗಳ ಮದುವೆಯಾಗಿದೆ, ಮಗ ಲಾರಿ ಓಡಿಸುತ್ತಾನೆ, ಕೂದಲು ನೆರೆತಿದೆ. ಬೀದಿ ಗುಡಿಸುವುದು ಹೊಟ್ಟೆಪಾಡು. ಅದರ ಜೊತೆಗೆ ಅವರು ಹಚ್ಚಿಕೊಂಡಿರುವ ಇನ್ನೊಂದು ಉಸಾಬರಿಗೆ ಸಂಬಳವಿಲ್ಲ, ರಜೆಯೂ ಇಲ್ಲ. ಊರಿನಲ್ಲಿ ಬೀಗ ಹಾಕಿಕೊಂಡು ಸುಮ್ಮನೆ ಬಿದ್ದಿರುವ ಮನೆಗಳನ್ನು ಹುಡುಕಿ, ಮಾಲೀಕರ ಬೆನ್ನು ಹತ್ತಿ, ಪಾಲಿಕೆಯವರ ಬೆನ್ನು ಹತ್ತಿ, ಅಲ್ಲಿ ಸೂರಿಲ್ಲದವರ ಒಲೆ ಹೊತ್ತಿಸುವುದು ಅವರ ಗುಂಪಿನ ಕೆಲಸ.

ಇವತ್ತು ಅವರ ಪೊರಕೆಗೆ ಅವಸರ. ಬೀದಿಯ ಕೊನೆಯಲ್ಲಿರುವ ಹಳೆಯ ಲಾಡ್ಜಿನ ಬಾಗಿಲು ಹತ್ತು ಗಂಟೆಗೆ ತೆರೆಯುತ್ತದೆ. ಹತ್ತು ಕುಟುಂಬಗಳು ಸಾಮಾನು ಕಟ್ಟಿಕೊಂಡು ಕಾಯುತ್ತಿವೆ. ಹನ್ನೊಂದನೆಯದು ಒಬ್ಬ ಟೈಲರಮ್ಮ ಮತ್ತು ಅವರ ಮಗಳು. ಆ ಇಬ್ಬರನ್ನು ಇದೇ ಲಾಡ್ಜಿನಿಂದ ಬೀದಿಗೆ ತಂದದ್ದು ಕಡ್ಡಿ ಅಕ್ಕನ ಕಡ್ಡಿಯೇ. "ಅವರು ಒಳಗೆ ಹೋಗಿ ಚಿಲಕ ಹಾಕ್ಕೊಳೋ ತನಕ ನನಗೆ ಊಟ ಸೇರಲ್ಲ" ಎನ್ನುತ್ತ ಅವರು ಎಲೆಗಳ ರಾಶಿಯನ್ನು ಮರದ ಬುಡಕ್ಕೆ ತಳ್ಳುತ್ತಾರೆ.

ಈ ಕಡ್ಡಿಯ ವಿದ್ಯೆಯನ್ನು ಯಾರೂ ಹೇಳಿಕೊಟ್ಟದ್ದಲ್ಲ. ಬೀದಿ ಗುಡಿಸುವವರಿಗೆ ಯಾವ ಮನೆಯಲ್ಲಿ ಜನರಿದ್ದಾರೆ, ಯಾವುದರಲ್ಲಿ ಇಲ್ಲ ಎಂಬುದು ಕಸದಿಂದಲೇ ಗೊತ್ತಾಗುತ್ತದೆ. "ಜನ ಇರೋ ಮನೆ ಮುಂದೆ ಎಲೆ ಬಿದ್ರೆ ತುಳಿದು ಪುಡಿ ಆಗಿರುತ್ತೆ. ಚಾಕಲೇಟ್ ಕಾಗದ ಇರುತ್ತೆ, ಕೂದಲ ಉಂಡೆ ಇರುತ್ತೆ, ಮಕ್ಕಳ ಪೆನ್ಸಿಲ್ ತುಂಡು ಇರುತ್ತೆ. ಬೀಗದ ಮನೆ ಮುಂದೆ ಬರೀ ಎಲೆ, ಬಿದ್ದದ್ದು ಬಿದ್ದ ಹಾಗೇ. ಗುಡಿಸೋಕೆ ಸಲೀಸು. ಆದ್ರೆ ಗುಡಿಸ್ತಾ ಇದ್ರೆ ಹೊಟ್ಟೆ ಉರಿಯುತ್ತೆ."

ಹೊಟ್ಟೆ ಉರಿಯುವುದಕ್ಕೆ ಕಾರಣವಿತ್ತು. ಆಗ ಅವರಿದ್ದದ್ದು ಗೋದಾಮೊಂದರ ಮಹಡಿಯ ಒಂದೇ ಕೋಣೆಯಲ್ಲಿ. ಗಂಡ, ಇಬ್ಬರು ಮಕ್ಕಳು, ಅತ್ತೆ, ಮೈದುನ. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಗಂಡ ಬೆನ್ನು ನೆಟ್ಟಗೆ ಮಾಡಿ ಮಲಗಬೇಕೆಂದರೆ ಮೈದುನ ಎದ್ದು ಕೂರಬೇಕಿತ್ತು. ಬಾಡಿಗೆ ಏರಿದಾಗಲೆಲ್ಲ ಗಂಟುಮೂಟೆ ಕಟ್ಟಿದ್ದಾರೆ. ಒಮ್ಮೆಯಂತೂ ಸುರಿಯುವ ಮಳೆಯಲ್ಲಿ, ಅತ್ತೆಯನ್ನು ಇದೇ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಮನೆ ಹುಡುಕಿದ್ದುಂಟು. "ಅತ್ತೆ ದಾರಿಯುದ್ದಕ್ಕೂ ಎರಡೂ ಕಡೆ ನೋಡ್ಕೊಂಡು, 'ಆ ಮನೇಲಿ ದೀಪ ಇಲ್ಲ ನೋಡೇ, ಈ ಮನೇಲೂ ಇಲ್ಲ ನೋಡೇ' ಅಂತಿದ್ರು. ಅವತ್ತು ನನಗೆ ಸಿಟ್ಟು ಬಂದಿತ್ತು. ಮುದುಕಿಗೆ ಮಾಡೋಕೆ ಕೆಲಸ ಇಲ್ಲ ಅನ್ಕೊಂಡೆ. ಮಾರನೇ ದಿನ ಗುಡಿಸೋಕೆ ಬಂದಾಗ ನಾನೇ ನೋಡೋಕೆ ಶುರು ಮಾಡಿದೆ."

ನೋಡಿದ್ದನ್ನು ಅವರು ಹೇಳಿದ್ದು ಮೇಷ್ಟ್ರ ಮುಂದೆ. ನಿವೃತ್ತರಾದ ಈ ಮೇಷ್ಟ್ರು ಶಾಲೆಯ ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ಕೂತು ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುತ್ತಾರೆ. ಅವರೂ ಬಾಡಿಗೆ ಮನೆಯವರೇ, ಅವರಿಗೂ ಈ ನೋವು ಗೊತ್ತು. ಇಬ್ಬರ ಮಾತು ಕೇಳಿಸಿಕೊಳ್ಳುತ್ತಿದ್ದ ಚಹಾದಂಗಡಿಯವರು, ನಲ್ಲಿ ರಿಪೇರಿಯವರು, ಬೀಗ ರಿಪೇರಿಯವರು ಸೇರಿಕೊಂಡು ಗುಂಪಾಯಿತು. ಗುಂಪಿಗೆ ಫಲಕವಿಲ್ಲ, ಕಚೇರಿಯಿಲ್ಲ. ಇರುವುದು ಒಂದೇ ಕಟ್ಟುಪಾಡು. ಬೀಗ ಒಡೆಯುವಂತಿಲ್ಲ, ಕೀಲಿ ಇದ್ದವರ ಕೈಯಿಂದಲೇ ತೆಗೆಸಬೇಕು. ಗುಂಪಿನಲ್ಲಿ ಬೀಗ ರಿಪೇರಿಯವರೇ ಇದ್ದರೂ ಇಷ್ಟು ವರ್ಷಗಳಲ್ಲಿ ಒಂದು ಬೀಗವನ್ನೂ ಅವರಿಂದ ತೆಗೆಸಿಲ್ಲ. "ನನ್ನನ್ನ ಯಾಕೆ ಸೇರಿಸಿಕೊಂಡರೋ ದೇವರಿಗೇ ಗೊತ್ತು. ಚಹಾ ಕುಡಿಯೋಕೆ ಬರ್ತೀನಿ ಅಷ್ಟೆ" ಎಂದು ಅವರು ನಗುತ್ತಾರೆ.

ಪಾಲಿಕೆಯಲ್ಲಿ ಒಂದು ಯೋಜನೆ ಇದ್ದೇ ಇತ್ತು. ಬಹುಕಾಲ ಖಾಲಿ ಬಿದ್ದ ಕಟ್ಟಡವನ್ನು ಮಾಲೀಕರು ಒಪ್ಪಿದರೆ ಪಾಲಿಕೆ ದುರಸ್ತಿ ಮಾಡಿ, ಕೆಲವು ವರ್ಷಗಳ ಮಟ್ಟಿಗೆ ಕಡಿಮೆ ಬಾಡಿಗೆಗೆ ಕೊಡುತ್ತದೆ. ಆದರೆ ಖಾಲಿ ಇದೆ ಎಂದು ತೋರಿಸುವುದು ಹೇಗೆ? ಕೇಳಿದರೆ ಮಾಲೀಕರು, "ವಾರವಾರ ಬಂದು ಹೋಗ್ತೀವಲ್ಲ" ಎಂದುಬಿಡುತ್ತಿದ್ದರು. ಆಗಲೇ ಕಡ್ಡಿ ಅಕ್ಕ ಪೊರಕೆಯಿಂದ ಒಂದು ಕಡ್ಡಿ ಎಳೆದು ಗೇಟಿನ ಸಂದಿಗೆ ಸಿಕ್ಕಿಸಿದ್ದು. ಗೇಟು ತೆರೆದರೆ ಕಡ್ಡಿ ಬೀಳುತ್ತದೆ. ಬೀಳದೆ ಒಂದು ಮಳೆಗಾಲ ದಾಟಿದರೆ ಒಳಗೆ ಯಾರೂ ಇಲ್ಲ. ಮೊದಮೊದಲು ಪಾಲಿಕೆಯವರು ಮುಸಿಮುಸಿ ನಕ್ಕರು. ಹೋಗಿ ನೋಡಿದಾಗಲೆಲ್ಲ ಕಡ್ಡಿ ಹೇಳಿದ್ದೇ ನಿಜವಾಗುತ್ತಿತ್ತು. ಕ್ರಮೇಣ ವಸತಿ ವಿಭಾಗದ ಅಧಿಕಾರಿಯಮ್ಮ ತಾವೇ, "ಕಡ್ಡಿ ಏನು ಹೇಳ್ತಿದೆ?" ಎಂದು ಕೇಳುವಂತಾಯಿತು. ಮುಚ್ಚಿದ ದಾದಿಯರ ವಸತಿ, ಪಾಳುಬಿದ್ದ ಅಚ್ಚುಕೂಟದ ಮಹಡಿ, ಅಣ್ಣತಮ್ಮಂದಿರ ಜಗಳದಲ್ಲಿ ಬೀಗ ಬಿದ್ದಿದ್ದ ಎರಡು ಮನೆಗಳು ಹೀಗೆ ಒಂದೊಂದಾಗಿ ತೆರೆದುಕೊಂಡವು. ಕಡ್ಡಿ ಅಕ್ಕನ ಸಂಸಾರಕ್ಕೂ ಅಚ್ಚುಕೂಟದ ಮಹಡಿಯಲ್ಲಿ ಒಂದು ಕೋಣೆ, ಒಂದು ಪುಟ್ಟ ಅಡುಗೆಮನೆ ಸಿಕ್ಕಿತು. ಅತ್ತೆ ಅಲ್ಲಿ ಕಾಲು ಚಾಚಿ ಮಲಗಿಯೇ ಕಣ್ಣು ಮುಚ್ಚಿದರು.

ಹೀಗಿರುವಾಗ ಆ ಲಾಡ್ಜು ಬಂತು. ಎರಡು ಮಹಡಿ, ಸಾಲುಸಾಲು ಕೋಣೆಗಳು, ಮುಂದೆ ಅಗಲವಾದ ಮೆಟ್ಟಿಲು. ನಡೆಸುತ್ತಿದ್ದವರು ತೀರಿಕೊಂಡ ಮೇಲೆ ಅವರ ಹೆಂಡತಿ ಬೀಗ ಹಾಕಿ, ಊರಿನ ಇನ್ನೊಂದು ತುದಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದರು. ಗುಂಪಿನವರು ಆ ಮನೆಗೆ ಅಲೆದು ಚಪ್ಪಲಿ ಸವೆಸಿದರು. ಲಾಡ್ಜಿನ ಯಜಮಾನಿ ಕೂರಿಸಿ ಚಹಾ ಕೊಡುತ್ತಿದ್ದರು, ಕಷ್ಟಸುಖ ವಿಚಾರಿಸುತ್ತಿದ್ದರು, ಕೊನೆಗೆ ಕಡ್ಡಿ ಮುರಿದ ಹಾಗೆ ಆಗುವುದಿಲ್ಲ ಎನ್ನುತ್ತಿದ್ದರು. ಜನ ಬಂದರೆ ಗೋಡೆಗೆ ಮೊಳೆ ಹೊಡೆಯುತ್ತಾರೆ, ಮಸಿ ಹಿಡಿಸುತ್ತಾರೆ, ಗಂಡ ಕಟ್ಟಿಸಿದ್ದನ್ನು ಹಾಳು ಮಾಡುತ್ತಾರೆ ಎಂಬ ಹೆದರಿಕೆ ಅವರದು. ಬಹಳ ಕಾಡಿದ ಮೇಲೆ, "ಬಂದು ನೋಡಿ ಬೇಕಾದ್ರೆ. ನೋಡೋಕೆ ಬೇಡ ಅನ್ನಲ್ಲ" ಎಂದರು.

ಕಡ್ಡಿ ಅಕ್ಕನ ಕಡ್ಡಿ ಆ ಬಾಗಿಲಲ್ಲಿ ಇಡೀ ಮಳೆಗಾಲ ನಿಂತಿತ್ತು. "ಒಳಗೆ ಒಂದು ನೊಣವೂ ಇಲ್ಲ, ನನ್ನ ಮಾತು" ಎಂದು ಅಧಿಕಾರಿಯಮ್ಮನ ಮುಂದೆ ಎದೆ ತಟ್ಟಿ ಹೇಳಿದ್ದರು. ಒಂದು ಬೆಳಿಗ್ಗೆ ಯಜಮಾನಿ ಕೀಲಿ ತಂದರು, ಅಧಿಕಾರಿಯಮ್ಮ ಬಂದರು, ಮೇಷ್ಟ್ರು ಬಂದರು. ಒಳಗೆ ಹೋದರೆ ಎಲ್ಲೆಲ್ಲೂ ಬೂಷ್ಟು. ಮಂಚಗಳ ಕಾಲು ಗೆದ್ದಲು ತಿಂದಿತ್ತು. ಒಂದು ಕೋಣೆಯ ಚಾವಣಿಯೇ ನೆಲಕ್ಕೆ ಬಂದಿತ್ತು. ಯಜಮಾನಿ ಒಂದೊಂದು ಬಾಗಿಲು ನೂಕಿದಾಗಲೂ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಕಾರಿಡಾರಿನ ಕೊನೆಯ ಕೋಣೆಯಿಂದ ಟಕಟಕ ಸದ್ದು ಕೇಳಿಸಿತು.

ಅದು ಹೊಲಿಗೆ ಮೆಷಿನ್ನಿನ ಸದ್ದು. ಬಾಗಿಲು ತೆರೆದರೆ ಮೆಷಿನ್ನಿನ ಮುಂದೆ ಒಬ್ಬ ಹೆಂಗಸು, ಕಿಟಕಿಯ ಬಳಿ ಪುಸ್ತಕ ಹಿಡಿದ ಹುಡುಗಿ. ಇಬ್ಬರೂ ಕೂತಲ್ಲೇ ಕಲ್ಲಾದರು. "ನನ್ನ ಮಾತು ಅಲ್ಲೇ ಸುಳ್ಳಾಯ್ತು" ಎನ್ನುತ್ತಾರೆ ಕಡ್ಡಿ ಅಕ್ಕ. "ಭೂಮಿ ಬಾಯಿಬಿಟ್ಟು ನುಂಗಬಾರದಾ ಅನ್ನಿಸ್ತು. ಕಡ್ಡಿ ಮುಂದಿನ ಬಾಗಿಲಿಗೆ ಇಟ್ಟಿದ್ದೆ. ಅವರು ಓಡಾಡ್ತಿದ್ದದ್ದು ಹಿಂದಿನ ಅಡುಗೆಮನೆ ಬಾಗಿಲಲ್ಲಿ. ಹಿಂದಿನ ಗಲ್ಲಿ ನನ್ನ ಪಾಳಿ ಅಲ್ಲ, ಇನ್ನೊಬ್ಬರದು. ನನ್ನ ಬೀದಿ ನಾನು ಗುಡಿಸಿದೆ, ಅವರ ಗಲ್ಲಿಗೆ ಯಾಕೆ ಹೋಗಲಿ? ಆ ಗಲ್ಲಿಯಲ್ಲಿ ಒಂದು ದಿನ ಪೊರಕೆ ಆಡಿಸಿದ್ರೂ ಗೊತ್ತಾಗ್ತಿತ್ತು."

ಒಂದು ದಿನ ಪೊರಕೆ ಆಡಿಸಿದ್ದರೂ ಗೊತ್ತಾಗುತ್ತಿರಲಿಲ್ಲ ಎನ್ನುತ್ತಾರೆ ಟೈಲರಮ್ಮ. ಅವರಿದ್ದ ಮನೆ ಮಾರಾಟವಾಗಿ, ಬೇರೆ ಮನೆ ಸಿಗದೆ, ಚಿಲಕ ಮುರಿದ ಆ ಅಡುಗೆಮನೆ ಬಾಗಿಲು ಕಣ್ಣಿಗೆ ಬಿದ್ದು ಒಳಗೆ ಬಂದವರು. ಮೆಷಿನ್ನನ್ನು ಕೈಗಾಡಿಯಲ್ಲಿ ತಂದಿದ್ದರು. ಯಾರಿಗೂ ಸುಳಿವು ಸಿಗಬಾರದೆಂದು ಬಟ್ಟೆಯ ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿ ದೂರದ ಕಸದ ತೊಟ್ಟಿಗೆ ಹಾಕುತ್ತಿದ್ದರು. "ಒಂದು ದಾರ ಕೂಡ ಹೊರಗೆ ಬೀಳದ ಹಾಗೆ ನೋಡ್ಕೋತಿದ್ದೆ. ಮಗಳಿಗೂ ಅದೇ ಹೇಳ್ತಿದ್ದೆ. ಪೆನ್ಸಿಲ್ ಕೆತ್ತಿದ್ರೂ ಸಿಪ್ಪೆ ಜೇಬಲ್ಲಿ ಹಾಕ್ಕೋತಿತ್ತು ಮಗು."

ಅಧಿಕಾರಿಯಮ್ಮ ಒಳ್ಳೆಯವರು, ಆದರೆ ನಿಯಮ ಅವರು ಮಾಡಿದ್ದಲ್ಲ. ಅನುಮತಿ ಇಲ್ಲದೆ ಹೊಕ್ಕವರಿಗೆ ಯೋಜನೆಯಲ್ಲಿ ಮನೆ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಜನ ವಾಸವಿದ್ದ ಕಟ್ಟಡವನ್ನು ಖಾಲಿ ಎಂದು ಬರೆಯುವಂತಿಲ್ಲ. ಅಂದು ಸಂಜೆಯೊಳಗೆ ಅಮ್ಮ, ಮಗಳು, ಮೆಷಿನ್ನು ಹೊರಗೆ. ಎರಡೂ ಬಾಗಿಲಿಗೆ ಪಾಲಿಕೆಯ ಮೊಹರು. ಕಡ್ಡಿ ಅಕ್ಕ ತಳ್ಳುಗಾಡಿ ತಂದು, ಮೆಷಿನ್ನನ್ನು ಅದರಲ್ಲಿಟ್ಟು, "ನಿಮ್ಮನ್ನ ಬೀದಿಗೆ ತಂದವಳು ನಾನೇ. ನಡೀರಿ ನಮ್ಮನೆಗೆ" ಎಂದರು. ಟೈಲರಮ್ಮ ಮಗಳ ಕೈ ಹಿಡಿದು ಗಾಡಿಯ ಹಿಂದೆ ನಡೆದರು. ಮೂರು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಒಂದು ಕೋಣೆಯಲ್ಲಿ ಮತ್ತೆ ಜನ ತುಂಬಿದರು. ಮೆಷಿನ್ನು ಕೂತದ್ದು ಗಂಡ ಮಲಗುತ್ತಿದ್ದ ಜಾಗದಲ್ಲಿ. ಗಂಡ ಹಾಸಿಗೆ ಸುತ್ತಿಕೊಂಡು ಮೆಟ್ಟಿಲ ತಿರುವಿಗೆ ಹೋದರು. "ನನ್ನ ಹೆಂಡತಿ ಊರಿಗೆಲ್ಲ ಮನೆ ಕೊಡಿಸ್ತಾಳೆ, ನನ್ನನ್ನ ಮಾತ್ರ ಮೆಟ್ಟಿಲ ಮೇಲೆ ಮಲಗಿಸ್ತಾಳೆ ಅಂತ ಮಾರ್ಕೆಟ್ಟಲ್ಲಿ ಎಲ್ಲರಿಗೂ ಹೇಳಿದ್ದೀನಿ" ಎಂದು ಅವರು ಇವತ್ತಿಗೂ ಚುಡಾಯಿಸುತ್ತಾರೆ. ಹೆಂಡತಿಗೆ ಅವತ್ತು ನಗು ಬಂದಿರಲಿಲ್ಲ.

ಯಾಕೆಂದರೆ ಗುಂಪಿನೊಳಗೂ ಬಿಸಿ ಏರಿತ್ತು. ಹತ್ತು ಕುಟುಂಬಗಳು ಈ ಲಾಡ್ಜನ್ನೇ ನಂಬಿಕೊಂಡಿದ್ದವು. ಟೈಲರಮ್ಮ ಮೊನ್ನೆಮೊನ್ನೆ ಬಂದು ಹೊಕ್ಕವರು, ಮಳೆಗಾಲವೆಲ್ಲ ಕಟ್ಟಡ ಖಾಲಿಯೇ ಇತ್ತು ಎಂದು ಕಡ್ಡಿ ಅಕ್ಕ ಒಂದು ಮಾತು ಹೇಳಿದರೆ ಕಟ್ಟಡ ಯೋಜನೆಯಲ್ಲಿ ಉಳಿಯುತ್ತಿತ್ತು, ಯಜಮಾನಿಯನ್ನು ಆಮೇಲೆ ಒಪ್ಪಿಸಬಹುದಿತ್ತು. ಕಡ್ಡಿ ಬಿದ್ದಿಲ್ಲವಲ್ಲ, ಅವರ ಮಾತನ್ನು ಎಲ್ಲರೂ ನಂಬುತ್ತಿದ್ದರು. ಮೇಷ್ಟ್ರೇ ತಗ್ಗಿದ ದನಿಯಲ್ಲಿ ಕೇಳಿದರು, "ಹತ್ತು ಮನೆ ಒಂದು ಕಡೆ, ಒಂದು ಮನೆ ಒಂದು ಕಡೆ. ಯೋಚನೆ ಮಾಡಮ್ಮ."

"ನಾಲಿಗೆ ತುದಿಗೆ ಬಂದಿತ್ತು ಸುಳ್ಳು" ಎಂದು ಕಡ್ಡಿ ಅಕ್ಕ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. "ಹೇಳಿಬಿಡೋಣ ಅಂತಲೇ ಆಫೀಸಿಗೆ ಹೋದೆ. ಆದ್ರೆ ಆ ಮಗು ನಮ್ಮನೆಗೆ ಬಂದ ಮೇಲೂ ಪೆನ್ಸಿಲ್ ಸಿಪ್ಪೆ ಜೇಬಲ್ಲೇ ಹಾಕ್ಕೋತಿತ್ತು. ಅದು ನೆನಪಾಯ್ತು. ಆ ಮಗು ಅಲ್ಲಿ ಇರಲೇ ಇಲ್ಲ ಅಂತ ನಾನು ಹೇಗೆ ಹೇಳಲಿ? ನನ್ನ ಕಡ್ಡಿ ತಪ್ಪು ಹೇಳ್ತು ಮೇಡಂ, ಅವರು ಮಳೆಗಾಲಕ್ಕೆ ಮುಂಚಿಂದಲೂ ಅಲ್ಲೇ ಇದ್ರು ಅಂದೆ. ಹೊರಗೆ ಬಂದು ಮೇಷ್ಟ್ರಿಗೂ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸ್ಕೊಂಡ್ರು."

ಗುಂಪಿನ ಕೆಲವರು ಮುಖದ ಮೇಲೇ ಆಡಿದರು. ಹತ್ತು ಮನೆಗೆ ಮಣ್ಣು ಹಾಕಿದಳು ಎಂದರು. ಚಹಾದಂಗಡಿಯಲ್ಲಿ ಅವರು ಬಂದರೆ ಮಾತು ನಿಲ್ಲುತ್ತಿತ್ತು. ಕಡ್ಡಿ ಅಕ್ಕ ಬೆಳಿಗ್ಗೆ ಲಾಡ್ಜಿನ ಮುಂದೆ ಗುಡಿಸುವಾಗ ತಲೆ ಎತ್ತಿ ನೋಡುತ್ತಿರಲಿಲ್ಲ.

ಅಂಥ ಒಂದು ಬೆಳಿಗ್ಗೆಯೇ ಲಾಡ್ಜಿನ ಮುಂದೆ ಆಟೋ ಒಂದು ಬಂದು ನಿಂತಿತು. ಇಳಿದವರು ಯಜಮಾನಿ. ಕಡ್ಡಿ ಅಕ್ಕನ ಮನೆ ಗೊತ್ತಿಲ್ಲದ ಅವರು ಗುಡಿಸುವ ಹೊತ್ತು ನೋಡಿಕೊಂಡು ಬಂದಿದ್ದರು. "ಆ ಹೊಲಿಗೆಯವಳು ಎಲ್ಲಿದ್ದಾಳಮ್ಮ?" ಎಂದು ಕೇಳಿದರು. ಇನ್ನೇನು ಪೊಲೀಸರ ಮಾತು ತೆಗೆಯುತ್ತಾರೆ ಎಂದುಕೊಂಡು ಕಡ್ಡಿ ಅಕ್ಕ ಪೊರಕೆ ಗಟ್ಟಿಯಾಗಿ ಹಿಡಿದು ನಿಂತರು.

ಯಜಮಾನಿಗೆ ಅಂದಿನಿಂದ ನಿದ್ದೆ ಬಂದಿರಲಿಲ್ಲ. ಅವರು ಹೇಳಿದ್ದನ್ನು ಕಡ್ಡಿ ಅಕ್ಕ ಒಂದಕ್ಷರ ಬಿಡದೆ ಹೇಳುತ್ತಾರೆ: "ಅಷ್ಟೂ ಕೋಣೆಗೆ ಬೀಗ ಹಾಕಿ ಕಾಪಾಡ್ದೆ ಅನ್ಕೊಂಡಿದ್ದೆ ಕಣಮ್ಮ. ಎಲ್ಲ ಕೊಳೆತು ಹೋಗಿದೆ. ನಾನು ಬೀಗ ಹಾಕಿದ್ದು ಗೊತ್ತಿದ್ದೂ ಅವಳು ಹೊಕ್ಕಿದ್ದಾಳಲ್ಲ, ಆ ಒಂದು ಕೋಣೆ ಮಾತ್ರ ನಮ್ಮೋರು ಇದ್ದಾಗ ಹೇಗಿತ್ತೋ ಹಾಗೇ ಇದೆ."

ನಿಜ. ಟೈಲರಮ್ಮ ಆ ಕೋಣೆಯ ಕಿಟಕಿಯ ತಿರುಗಣಿಗೆ ಮೆಷಿನ್ನಿನ ಎಣ್ಣೆ ಬಿಟ್ಟಿದ್ದರು. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದ್ದರು. ನೀರಿನ ಕೊಳವೆಯಲ್ಲಿ ಕಟ್ಟಿಕೊಂಡಿದ್ದ ಎಲೆ ತೆಗೆದಿದ್ದರು. ಸೋರುವ ಕಡೆ ಹಳೆಯ ಟಾರ್ಪಾಲು ಹೊಲಿದು, ನೀರು ಕಿಟಕಿಯಾಚೆ ಹೋಗುವ ಹಾಗೆ ಇಳಿಜಾರಾಗಿ ಕಟ್ಟಿದ್ದರು. ಗೋಡೆಗೆ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ, ಸದ್ದಾಗುತ್ತದೆಂಬ ಹೆದರಿಕೆಗೆ.

ಲಾಡ್ಜನ್ನು ಕೊಡಲು ಯಜಮಾನಿ ಒಪ್ಪಿದರು. ಒಂದೇ ಷರತ್ತು: ಹಿಂದಿನ ಆ ಕೋಣೆಯನ್ನು ಯೋಜನೆಗೆ ಸೇರಿಸುವುದು ಬೇಡ, ಅದನ್ನು ತಾವೇ ಟೈಲರಮ್ಮನಿಗೆ ಬಾಡಿಗೆಗೆ ಕೊಡುತ್ತಾರೆ. ಕೇಳಿದ ಅಧಿಕಾರಿಯಮ್ಮ ಕುರ್ಚಿಗೆ ಒರಗಿ ದೊಡ್ಡದೊಂದು ಉಸಿರು ಬಿಟ್ಟರಂತೆ. ಆ ಕೋಣೆ ಬಿಟ್ಟು ಉಳಿದದ್ದು ಖಾಲಿ ಇತ್ತು ಎಂದು ಬರೆಯಲು ಯಾವ ಅಡ್ಡಿಯೂ ಇರಲಿಲ್ಲ, ಅದು ನಿಜವೇ ಆಗಿತ್ತು. "ಮೇಡಂಗೂ ನಿದ್ದೆ ಬಂದಿರಲಿಲ್ಲ ಅನ್ಸುತ್ತೆ" ಎಂದು ಕಡ್ಡಿ ಅಕ್ಕ ನಗುತ್ತಾರೆ. "ನಾನಂತೂ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಯಾರೋ ನೀರು ಕೊಟ್ರು." ದುರಸ್ತಿ ಮುಗಿಯುವ ತನಕ ಟೈಲರಮ್ಮ ಅವರ ಮನೆಯಲ್ಲೇ ಇದ್ದರು. ಮಗು ಕಡ್ಡಿ ಅಕ್ಕನನ್ನು ದೊಡ್ಡಮ್ಮ ಎಂದು ಕರೆಯಲು ಕಲಿತದ್ದೂ ಅಲ್ಲೇ.

ಈಗ ಹತ್ತು ಗಂಟೆ. ಲಾಡ್ಜಿನ ಮುಂದೆ ಹಾಸಿಗೆಗಳು, ಕೊಡಗಳು, ಒಂದು ಹಕ್ಕಿಪಂಜರ, ತಲೆಕೆಳಗಾದ ಕುರ್ಚಿಗಳು. ಯಜಮಾನಿ ಕೀಲಿ ಹಾಕುವ ಮೊದಲು ಕಡ್ಡಿ ಅಕ್ಕ ಮುಂದೆ ಹೋಗಿ ಬಾಗಿಲ ಸಂದಿಯಿಂದ ತಮ್ಮ ಹಳೆಯ ಕಡ್ಡಿಯನ್ನು ಎಳೆದು ತೆಗೆಯುತ್ತಾರೆ. ಎಲ್ಲರೂ ನೋಡಲು ಬಂದ ದಿನ ಬಿದ್ದದ್ದನ್ನು ಎತ್ತಿಟ್ಟುಕೊಂಡು, ದುರಸ್ತಿಯವರು ಹೋದ ಮೇಲೆ ಯಾಕೆಂದು ಗೊತ್ತಿಲ್ಲದೆಯೇ ಮತ್ತೆ ಸಿಕ್ಕಿಸಿದ್ದರಂತೆ. ಮುರಿದು ಗಾಡಿಗೆ ಹಾಕುತ್ತಾರೆ. ಬಾಗಿಲು ತೆರೆಯುತ್ತದೆ. ಮಕ್ಕಳು ಮೊದಲು ನುಗ್ಗುತ್ತಾರೆ. ಮಾತು ಬಿಟ್ಟಿದ್ದವರಲ್ಲಿ ಒಬ್ಬರು ಕಡ್ಡಿ ಅಕ್ಕನ ಕೈಗೆ ಒಂದು ಲೋಟ ಚಹಾ ಇಟ್ಟು, ಗಂಟು ಹೊತ್ತು ಒಳಗೆ ಹೋಗುತ್ತಾರೆ. ಮೆಷಿನ್ನಿನ ಒಂದು ತುದಿಯನ್ನು ಮೂಟೆ ಹೊರುವ ಗಂಡ ಹಿಡಿದಿದ್ದಾರೆ. "ಇವತ್ತಿಂದ ನನ್ನ ಜಾಗ ನನಗೆ" ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರುತ್ತಾರೆ. ಟೈಲರಮ್ಮ ಹಿಂದಿನ ಗಲ್ಲಿಯ ಕಡೆ ತಿರುಗುತ್ತಾರೆ. ಕಡ್ಡಿ ಅಕ್ಕ ಅವರ ತೋಳು ಹಿಡಿದು ನಿಲ್ಲಿಸಿ ಮುಂದಿನ ಮೆಟ್ಟಿಲು ತೋರಿಸುತ್ತಾರೆ. ಸ್ವಲ್ಪ ಹೊತ್ತಿಗೆ ಕಾರಿಡಾರಿನ ಕೊನೆಯಿಂದ ಚಿಲಕ ಹಾಕಿದ ಸದ್ದು ಕೇಳಿಸುತ್ತದೆ. ಕಡ್ಡಿ ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತು ತಂದಿದ್ದ ಬುತ್ತಿ ಬಿಚ್ಚುತ್ತಾರೆ.

ಮುಂದೇನು ಎಂದು ಕೇಳಿದರೆ ಅವರಿಗೆ ದೊಡ್ಡ ಆಸೆಗಳಿಲ್ಲ. "ನಾನು ಪೊರಕೆ ಕೆಳಗಿಡೋದ್ರೊಳಗೆ ನನ್ನ ಬೀದಿಯಲ್ಲಿ ಒಂದು ಕಡ್ಡಿಯೂ ನಿಲ್ಲಬಾರದು. ಇಟ್ಟ ಮಾರನೇ ದಿನವೇ ಬೀಳಬೇಕು, ಅಷ್ಟೆ. ಆಮೇಲೆ ಈಗ ಹಿಂದಿನ ಗಲ್ಲಿಗೂ ಹೋಗಿ ನೋಡ್ತೀನಿ. ಅಲ್ಲಿ ಗುಡಿಸೋರಿಗೂ ಕಡ್ಡಿ ಇಡೋದು ಹೇಳಿಕೊಟ್ಟಿದ್ದೀನಿ."

ಮರುದಿನ ಬೆಳಕು ಹರಿಯುವ ಮೊದಲು ಅವರು ಮತ್ತೆ ಬೀದಿಯಲ್ಲಿದ್ದಾರೆ. ಲಾಡ್ಜಿನ ಮುಂದೆ ಬಂದವರು ಪೊರಕೆ ಊರಿ ನಿಲ್ಲುತ್ತಾರೆ. ಮೆಟ್ಟಿಲ ಕೆಳಗೆ ಹಣ್ಣಿನ ಸಿಪ್ಪೆ, ಒಡೆದ ಬಳೆ, ಬಿಸ್ಕತ್ತಿನ ಕಾಗದ, ಪೆನ್ಸಿಲ್ ಕೆತ್ತಿದ ಸಿಪ್ಪೆ, ಅದರ ಮೇಲೆಲ್ಲ ಕೆಂಪು, ಹಳದಿ, ಹೂವಿನ ಬಟ್ಟೆಯ ಚೂರುಗಳು. "ನೋಡಿ ಇವರ ಕೆಲಸ. ಒಂದೇ ದಿನಕ್ಕೆ ಗಾಡಿ ತುಂಬ ಕಸ ಮಾಡಿದ್ದಾರೆ" ಎಂದು ಅವರು ಗಟ್ಟಿಯಾಗಿ ಗೊಣಗುತ್ತಾರೆ. ಮುಖವೆಲ್ಲ ನಗು. ದನಿ ಕೇಳಿ ಟೈಲರಮ್ಮ ಮುಂದಿನ ಬಾಗಿಲು ತೆರೆದು ಗಾಬರಿಯಿಂದ ಹೊರಗೆ ಬರುತ್ತಾರೆ.

"ತಪ್ಪಾಯ್ತು ಅಕ್ಕ. ಮಗು ಇಲ್ಲೇ ಗುಡಿಸಿ ಹಾಕಿಬಿಟ್ಟಿದೆ. ನಾಳೆಯಿಂದ ಚೀಲಕ್ಕೆ ತುಂಬಿ ಆ ಕಡೆ ತೊಟ್ಟಿಗೆ ಹಾಕ್ತೀನಿ."

"ಏನೂ ಬೇಡ. ಇಲ್ಲೇ ಹಾಕು" ಎನ್ನುತ್ತಾರೆ ಕಡ್ಡಿ ಅಕ್ಕ, ಬಟ್ಟೆಯ ಚೂರುಗಳನ್ನು ಒಂದೆಡೆಗೆ ಎಳೆಯುತ್ತ. "ಗುಡಿಸೋಕೆ ನಾನಿದ್ದೀನಿ."